ಮೆನಿಯೇರ್ ಕಾಯಿಲೆಯವರಿಗೆ ತಾಲ್ಲೂಕಿನಲ್ಲೇ ಶ್ರವಣ ಪರೀಕ್ಷೆ ಸಿಗಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳಿಂದ ಮೆನಿಯೇರ್ ಕಾಯಿಲೆ ಎಂಬ ಒಳಕಿವಿಯ ತೊಂದರೆಯೊಂದಿಗೆ ಬದುಕುತ್ತಿದ್ದೇನೆ. ಈ ಪತ್ರದಲ್ಲಿ ಹೊಸ ಆಸ್ಪತ್ರೆಯನ್ನಾಗಲಿ ದುಬಾರಿ ಔಷಧಿಯನ್ನಾಗಲಿ ಕೇಳುತ್ತಿಲ್ಲ. ತಲೆಸುತ್ತು ಬಂದ ಒಂದೆರಡು ದಿನಗಳೊಳಗೆ, ಮನೆಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿಯೇ ರೋಗಿಗೆ ಶ್ರವಣ ಪರೀಕ್ಷೆ ದೊರೆಯುವಂತಾಗಬೇಕು ಎಂಬುದು ನನ್ನ ಮುಖ್ಯ ಕೋರಿಕೆ. ಇಷ್ಟು ಸಣ್ಣ ಕೋರಿಕೆಗೆ ಇಷ್ಟು ಉದ್ದದ ಪತ್ರವೇಕೆ ಎಂದು ತಮಗೆ ಅನಿಸಬಹುದು. ಈ ಕಾಯಿಲೆಯ ಸ್ವಭಾವವನ್ನು ವಿವರಿಸದೆ ಕೋರಿಕೆಯ ತೂಕ ತಿಳಿಯದು ಎಂಬ ಕಾರಣಕ್ಕೆ ವಿವರವಾಗಿ ಬರೆಯುತ್ತಿದ್ದೇನೆ.

ಈ ಕಾಯಿಲೆ ಬಂದವರಿಗೆ ನಿಂತಲ್ಲಿ ಕುಳಿತಲ್ಲಿ ಇದ್ದಕ್ಕಿದ್ದಂತೆ ಸುತ್ತಲಿನದೆಲ್ಲ ಗಿರಗಿರನೆ ತಿರುಗತೊಡಗುತ್ತದೆ. ವಾಂತಿಯಾಗುತ್ತದೆ, ಮೈ ಬೆವರುತ್ತದೆ, ಗೋಡೆ ಹಿಡಿದರೂ ನಿಲ್ಲಲಾಗುವುದಿಲ್ಲ. ಅದರ ಜೊತೆಗೆ, ಇಲ್ಲವೇ ಅದಕ್ಕೆ ತುಸು ಮೊದಲು, ಒಂದು ಕಿವಿ ತುಂಬಿಕೊಂಡಂತೆ ಭಾರವಾಗಿ ಅದರೊಳಗೆ ಮೊರೆತ ಏಳುತ್ತದೆ ಮತ್ತು ಆ ಕಿವಿಯ ಕೇಳುವ ಶಕ್ತಿ ಕುಗ್ಗುತ್ತದೆ. ಕೆಲವು ಗಂಟೆಗಳಲ್ಲಿ ಸುತ್ತು ನಿಂತು, ಕಿವಿಯೂ ಆರಂಭದ ವರ್ಷಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬರುತ್ತದೆ. ಮತ್ತೆ ವಾರವೋ ತಿಂಗಳುಗಳೋ ಏನೂ ಇರುವುದಿಲ್ಲ, ಬಳಿಕ ಇನ್ನೊಂದು ಸರದಿ. ವರ್ಷಗಳು ಉರುಳಿದಂತೆ ಅನೇಕರಲ್ಲಿ ಸುತ್ತಿನ ಸರದಿಗಳು ವಿರಳವಾಗುತ್ತವೆಯಾದರೂ ಕಿವಿ ಮಾತ್ರ ಪ್ರತಿ ಸರದಿಯಲ್ಲೂ ಸ್ವಲ್ಪ ಸ್ವಲ್ಪವಾಗಿ ಕಳೆದುಕೊಂಡದ್ದನ್ನು ಮರಳಿ ಪಡೆಯುವುದಿಲ್ಲ. ಕೆಲವರಲ್ಲಿ ಎರಡನೆಯ ಕಿವಿಗೂ ತೊಂದರೆ ಹಬ್ಬುತ್ತದೆ. ಇದರಿಂದ ಸಾವು ಬರುವುದಿಲ್ಲ ಎಂದು ವೈದ್ಯರು ಸಮಾಧಾನ ಹೇಳುತ್ತಾರೆ. ಆ ಮಾತು ನಿಜ. ಆದರೆ ಮೆಟ್ಟಿಲ ಮೇಲೋ ಬಾವಿಕಟ್ಟೆಯ ಬಳಿಯೋ ರಸ್ತೆಯ ನಡುವೆಯೋ ಸುತ್ತು ಬಂದರೆ ಏನಾಗಬಹುದು ಎಂಬುದು ಆ ಸಮಾಧಾನದಲ್ಲಿ ಸೇರಿಲ್ಲ.

ಕಾಯಿಲೆಗೆ ಹೆಸರು ಕೊಟ್ಟ ಪ್ರೋಸ್ಪರ್ ಮೆನಿಯೇರ್ ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ಮುಖ್ಯ ವೈದ್ಯರಾಗಿದ್ದರು. ಇಂಥ ತಲೆಸುತ್ತನ್ನು ಆ ಕಾಲದ ವೈದ್ಯರು ಮೆದುಳಿನಲ್ಲಿ ರಕ್ತ ಒತ್ತರಿಸಿದ್ದರ ಫಲವೆಂದು ತಿಳಿದು ರೋಗಿಯ ಮೈಯಿಂದ ರಕ್ತ ತೆಗೆಯುತ್ತಿದ್ದರು. ಇದರ ಮೂಲ ಒಳಕಿವಿಯಲ್ಲಿದೆ ಎಂದು 1861ರ ಜನವರಿಯಲ್ಲಿ ಅಲ್ಲಿನ ವೈದ್ಯಕೀಯ ಅಕಾಡೆಮಿಯ ಮುಂದೆ ಮೆನಿಯೇರ್ ವಾದಿಸಿದರು, ಮರುವರ್ಷವೇ ತೀರಿಕೊಂಡರು. 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್, ಅದೇ ವರ್ಷ ಪ್ರತ್ಯೇಕವಾಗಿ ಜಪಾನಿನ ಯಮಕಾವ, ಈ ರೋಗವಿದ್ದು ತೀರಿಕೊಂಡವರ ಕಿವಿಯ ಎಲುಬನ್ನು ಪರೀಕ್ಷಿಸಿ, ಒಳಕಿವಿಯಲ್ಲಿ ಎಂಡೋಲಿಂಫ್ ಎಂಬ ದ್ರವ ತುಂಬಿರುವ ಪೊರೆಯ ಚೀಲ ಉಬ್ಬಿಕೊಂಡಿರುವುದನ್ನು ಕಂಡರು. ಆ ದ್ರವ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ಇನ್ನೂ ದೊರೆತಿಲ್ಲ. ಆದ್ದರಿಂದ ಕಾಯಿಲೆಯನ್ನು ಬೇರುಸಹಿತ ಕೀಳುವ ಮದ್ದೂ ಇಲ್ಲ. ಅದನ್ನು ನಿಭಾಯಿಸಿಕೊಂಡು ಹೋಗುವ ದಾರಿಗಳಿವೆ.

ನಿಭಾಯಿಸಬೇಕಾದರೆ ಮೊದಲು ಅದು ಇದೇ ಕಾಯಿಲೆ ಎಂದು ಗೊತ್ತಾಗಬೇಕು. ನಮ್ಮ ಜಿಲ್ಲೆಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ.

ಬಾರಾನಿ ಸೊಸೈಟಿ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಘವು ಇತರ ಸಂಸ್ಥೆಗಳೊಡನೆ ಸೇರಿ 2015ರಲ್ಲಿ ಒಪ್ಪಿದ ಮಾನದಂಡದ ಪ್ರಕಾರ, ಈ ರೋಗ ಖಚಿತವೆನ್ನಲು 20 ನಿಮಿಷದಿಂದ 12 ಗಂಟೆಯವರೆಗೆ ಉಳಿಯುವ ಸುತ್ತು ಕನಿಷ್ಠ ಎರಡು ಬಾರಿ ಬಂದಿರಬೇಕು. ತೊಂದರೆಯಿರುವ ಕಿವಿಯಲ್ಲಿ ಮೊರೆತ, ಭಾರ ಅಥವಾ ಮಂದ ಕೇಳುವಿಕೆ ಏರಿಳಿಯುತ್ತಿರಬೇಕು. ಬೇರೆ ಕಾರಣ ಇರಬಾರದು. ಇವೆಲ್ಲದರ ಜೊತೆಗೆ, ಯಾವುದಾದರೂ ಒಂದು ಸರದಿಯ ಹಿಂದುಮುಂದಿನಲ್ಲಿ ಒಮ್ಮೆಯಾದರೂ, ತಗ್ಗು ಹಾಗೂ ಮಧ್ಯಮ ಸ್ಥಾಯಿಯ ಧ್ವನಿಗಳಿಗೆ ಆ ಕಿವಿ ಮಂದವಾಗಿರುವುದು ಆಡಿಯೋಗ್ರಾಂನಲ್ಲಿ, ಅಂದರೆ ಶ್ರವಣ ಪರೀಕ್ಷೆಯ ಫಲವನ್ನು ಗೆರೆಯಾಗಿ ತೋರಿಸುವ ಹಾಳೆಯಲ್ಲಿ, ದಾಖಲಾಗಿರಬೇಕು. ವಯಸ್ಸಾದವರಲ್ಲಿ ಮೊದಲು ಕುಗ್ಗುವುದು ಏರು ಸ್ಥಾಯಿಯ ಕೇಳುವಿಕೆ. ಮೆನಿಯೇರ್‌ನಲ್ಲಿ ಆರಂಭಕ್ಕೆ ಕುಗ್ಗುವುದು ತಗ್ಗು ಸ್ಥಾಯಿ. ಆಡಿಯೋಗ್ರಾಂನ ಗೆರೆಯ ಈ ಒಂದು ವ್ಯತ್ಯಾಸ ವೈದ್ಯರಿಗೆ ಎಷ್ಟೋ ಸಂಗತಿಗಳನ್ನು ತಿಳಿಸುತ್ತದೆ.

ಆದರೆ ಆ ಗೆರೆ ಹಾಗೆಯೇ ನಿಂತಿರುವುದಿಲ್ಲ. ಸುತ್ತು ಬಂದ ದಿನ ಕುಗ್ಗಿದ್ದ ಕಿವಿ ವಾರದ ನಂತರ ಸರಿಹೋಗಿರಬಹುದು. ಆ ವಾರ ಕಳೆದ ಮೇಲೆ ಮಾಡಿದ ಪರೀಕ್ಷೆ ‘ಎರಡೂ ಕಿವಿ ಸಹಜವಾಗಿವೆ’ ಎಂದು ವರದಿ ಕೊಡುತ್ತದೆ, ಮತ್ತು ಆ ವರದಿ ಸುಳ್ಳಲ್ಲದಿದ್ದರೂ ರೋಗಿಯನ್ನು ತಪ್ಪು ದಾರಿಗೆ ಕಳುಹಿಸುತ್ತದೆ. ನನಗೆ ಆದದ್ದೂ ಇದೇ. ತಲೆ ಎತ್ತಲಾಗದೆ ಮಲಗಿದ್ದಾಗ ದೂರದ ಊರಿಗೆ ಬಸ್ಸು ಹತ್ತುವುದು ಸಾಧ್ಯವಿರಲಿಲ್ಲ. ಬಸ್ಸು ಹತ್ತುವ ಶಕ್ತಿ ಬಂದಾಗ ಕಿವಿಯೂ ಚೇತರಿಸಿಕೊಂಡಿರುತ್ತಿತ್ತು. ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯ ಯಂತ್ರವಿತ್ತು, ಅದನ್ನು ನಡೆಸುವವರ ಹುದ್ದೆ ಖಾಲಿ ಇತ್ತು. ಹೀಗಾಗಿ ಕಾಯಿಲೆಯ ಹೆಸರು ತಿಳಿಯುವ ಮೊದಲು ನಾನು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಓಡಾಡಿದೆ, ಪಿತ್ತಕ್ಕೆಂದು ಕಷಾಯ ಕುಡಿದೆ, ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ ನುಂಗಿದೆ, ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಎಂಬ ಉಪದೇಶವನ್ನೂ ಕೇಳಿಸಿಕೊಂಡೆ. ನಲವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಸವೆತದ ಗುರುತು ಸಿಗುವುದು ಸಾಮಾನ್ಯ. ಅದನ್ನೇ ತಲೆಸುತ್ತಿನ ಕಾರಣವೆಂದು ಒಪ್ಪಿಸಿಬಿಡುವುದು ಸುಲಭ. ನಾನು ಆ ವೈದ್ಯರನ್ನು ದೂರುವುದಿಲ್ಲ. ಹೊರರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿರುವಾಗ, ಕೈಯಲ್ಲಿ ಪರೀಕ್ಷೆಯ ಸಾಧನವಿಲ್ಲದ ವೈದ್ಯರು ತಮಗೆ ಕಂಡದ್ದಕ್ಕೆ ಔಷಧ ಬರೆಯುತ್ತಾರೆ.

ಇಂಥ ಪರೀಕ್ಷೆ ನಮ್ಮ ರಾಜ್ಯಕ್ಕೆ ಹೊಸತೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದೇಶದ ಮೂಲೆಮೂಲೆಗಳಿಂದ ಅಲ್ಲಿಗೆ ಜನ ಬರುತ್ತಾರೆ, ಅದರ ಹೊರಸೇವಾ ಕೇಂದ್ರಗಳೂ ರಾಜ್ಯದ ಕೆಲವೆಡೆ ಕೆಲಸ ಮಾಡುತ್ತಿವೆ. ಕೇಂದ್ರ ಸರ್ಕಾರವು 2007ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗಳಿಗೆ ಶ್ರವಣ ಪರೀಕ್ಷೆಯ ಸಲಕರಣೆ ಒದಗಿಸಲು ಅವಕಾಶವಿದೆ. ಆದರೆ ಹಾವೇರಿ, ಗದಗ, ಕೊಪ್ಪಳದ ಹಳ್ಳಿಯೊಂದರಿಂದ ಮೈಸೂರೆಂದರೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. ಪೊರೆ ಬಂದ ಕಣ್ಣು ಶಸ್ತ್ರಚಿಕಿತ್ಸೆಗೆ ತಿಂಗಳು ಕಾಯಬಲ್ಲದು, ಮೈಸೂರಿಗೂ ಹೋಗಬಲ್ಲದು. ಮೆನಿಯೇರ್ ರೋಗಿಯ ಕಿವಿ ಹಾಗೆ ಕಾಯುವುದಿಲ್ಲ. ದೂರದ ಆಸ್ಪತ್ರೆ ಎಷ್ಟೇ ಉತ್ತಮವಾಗಿರಲಿ, ಅದು ದೂರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಈ ರೋಗ ದಾಖಲೆಯಿಂದ ತಪ್ಪಿಸಿಕೊಳ್ಳುತ್ತದೆ.

ಆದುದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆಯ ಯಂತ್ರವಾದ ಒಂದು ಆಡಿಯೋಮೀಟರ್, ಅದನ್ನು ನಡೆಸಬಲ್ಲ ತರಬೇತಾದ ಸಿಬ್ಬಂದಿ ಮತ್ತು ಸದ್ದು ಒಳಬಾರದ ಒಂದು ಸಣ್ಣ ಕೋಣೆ ಇರಬೇಕೆಂದು ಕೋರುತ್ತೇನೆ. ಕೋಣೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಫ್ಯಾನು, ಜನರೇಟರು, ವರಾಂಡದ ಗದ್ದಲ ಇವೆಲ್ಲ ಮುಚ್ಚಿಹಾಕುವುದು ತಗ್ಗು ಸ್ಥಾಯಿಯ ಧ್ವನಿಗಳನ್ನೇ. ಮೆನಿಯೇರ್‌ನ ಗುರುತು ಇರುವುದೂ ಅಲ್ಲಿಯೇ. ತೆರೆದ ಕೋಣೆಯಲ್ಲಿ ಯಂತ್ರವನ್ನಿಟ್ಟು ಪರೀಕ್ಷೆ ನಡೆಸಿದರೆ ಎಲ್ಲರ ಕಿವಿಯೂ ತಗ್ಗು ಸ್ಥಾಯಿಗೆ ಮಂದವೆಂದು ವರದಿ ಬಂದೀತು. ತಲೆಸುತ್ತು ಮತ್ತು ಕಿವಿಯ ತೊಂದರೆ ಒಟ್ಟಿಗೆ ಬಂದವರಿಗೆ ಸರದಿ ಚೀಟಿಯ ಕಾಯುವಿಕೆಯಿಲ್ಲದೆ ಅಂದು ಅಥವಾ ಮರುದಿನ ಪರೀಕ್ಷೆ ಆಗಬೇಕು. ಆಡಿಯೋಗ್ರಾಂನ ಪ್ರತಿಯನ್ನು ರೋಗಿಯ ಕೈಗೆ ಕೊಡಬೇಕು, ಏಕೆಂದರೆ ಮುಂದಿನ ವೈದ್ಯರಿಗೆ ಬೇಕಾಗುವುದು ಒಂದು ಗೆರೆಗಿಂತ ಹೆಚ್ಚಾಗಿ ಹಿಂದಿನ ನಾಲ್ಕಾರು ಗೆರೆಗಳ ಹೋಲಿಕೆ. ತಾಲ್ಲೂಕಿನಲ್ಲಿ ಕಿವಿ, ಮೂಗು, ಗಂಟಲು ತಜ್ಞರಿಲ್ಲದಿದ್ದರೆ ಆ ಹಾಳೆಯನ್ನು ಇ-ಸಂಜೀವಿನಿ ಎಂಬ ಸರ್ಕಾರಿ ಆನ್‌ಲೈನ್ ವೈದ್ಯ ಸಲಹಾ ಸೇವೆಯ ಮೂಲಕ ಜಿಲ್ಲಾ ತಜ್ಞರಿಗೆ ತೋರಿಸಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ಕೇಳಬೇಕಾದ ಪ್ರಶ್ನೆಗಳು. ಸುತ್ತು ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಬಂತು, ಆ ಹೊತ್ತಿಗೆ ಯಾವ ಕಿವಿಯಲ್ಲಿ ಏನಾಯಿತು ಎಂಬ ಮೂರು ಪ್ರಶ್ನೆಗಳಲ್ಲೇ ಬಹಳಷ್ಟು ಇತ್ಯರ್ಥವಾಗುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬಂದು ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಬಹುಮಟ್ಟಿಗೆ ಒಳಕಿವಿಯ ಸಣ್ಣ ಹರಳುಗಳು ಸ್ಥಳ ತಪ್ಪಿದ್ದರಿಂದ ಬಂದದ್ದು. ಎಪ್ಲಿ ಎಂಬ ವಿಧಾನದಲ್ಲಿ ರೋಗಿಯ ತಲೆಯನ್ನು ಕ್ರಮವಾಗಿ ಹೊರಳಿಸಿ ಅದನ್ನು ಮಂಚದ ಮೇಲೆಯೇ ಕೆಲವು ನಿಮಿಷಗಳಲ್ಲಿ ಸರಿಪಡಿಸಬಹುದು. ಕಿವಿ ಮಂದವಾಗದೆ ದಿನಗಟ್ಟಲೆ ಬಿಡದ ಸುತ್ತು ಸಮತೋಲನದ ನರದ ಉರಿಯೂತವಿರಬಹುದು. ಅರೆತಲೆನೋವಿನ ಸಂಬಂಧದ ಸುತ್ತು ಮೆನಿಯೇರ್ ಅನ್ನು ಬಹಳ ಹೋಲುತ್ತದೆ, ಕೆಲವರಲ್ಲಿ ಎರಡೂ ಒಟ್ಟಿಗಿರುತ್ತವೆ. ಒಂದೇ ಕಿವಿ ಮಂದವಾಗಿರುವವರಲ್ಲಿ ಶ್ರವಣ ನರದ ಗಡ್ಡೆ ಇಲ್ಲವೆಂದು ಎಂಆರ್‌ಐ ಮಾಡಿಸಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಪೂರ್ತಿ ಮುಚ್ಚಿಹೋದರೆ ಸ್ಟಿರಾಯ್ಡ್ ಚಿಕಿತ್ಸೆ ತಡವಾದಷ್ಟೂ ಕಿವಿ ಮರಳುವ ಆಸೆ ಕಡಿಮೆ. 512 ಹರ್ಟ್ಸ್‌ನ ಒಂದು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಪ್ರತಿ ಕೇಂದ್ರದಲ್ಲಿದ್ದರೆ, ಕಿವಿ ಮಂದವಾದದ್ದು ಗುಗ್ಗೆಯಿಂದಲೋ ಒಳಕಿವಿಯಿಂದಲೋ ಎಂಬುದನ್ನಾದರೂ ವೈದ್ಯರು ಅಲ್ಲಿಯೇ ಅಂದಾಜು ಮಾಡಬಹುದು. ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಾಗಿ ಮುದ್ರಿಸಿ, ಸಮುದಾಯ ಆರೋಗ್ಯ ಅಧಿಕಾರಿಗಳ ಮಟ್ಟದವರೆಗೆ ತರಬೇತಿ ಕೊಡಿಸುವುದು ಇಲಾಖೆಗೆ ಹೊರೆಯಾಗಲಾರದು.

ಅದೇ ಹಾಳೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇರಲಿ, ಇದನ್ನು ಸಾರ್ವಜನಿಕರೂ ಗಮನಿಸಬೇಕು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲಿನ ಬಲ ಹೋದರೆ, ಹಿಂದೆಂದೂ ಇರದಷ್ಟು ತಲೆನೋವು ಬಂದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು. 108ಕ್ಕೆ ಕರೆ ಮಾಡುವುದೊಂದೇ ದಾರಿ. ಮೆನಿಯೇರ್ ಇದೆಯೆಂದು ಗೊತ್ತಿರುವವರೂ ‘ಇದು ನನ್ನ ಹಳೆಯ ಸುತ್ತೇ’ ಎಂದುಕೊಂಡು ಮಲಗಿಬಿಡಬಾರದು.

ಚಿಕಿತ್ಸೆಯ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಖಾರವಾಗಿದೆ. ಸುತ್ತು ಬಂದ ಹೊತ್ತಿನಲ್ಲಿ ಅದನ್ನು ತಗ್ಗಿಸುವ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂತಹ ಮಾತ್ರೆಗಳು ನಿಜಕ್ಕೂ ಉಪಕಾರಿ. ಆದರೆ ಅವು ಕೆಲವು ದಿನಗಳ ಬಳಕೆಗೆ ಇರುವಂಥವು. ತಿಂಗಳುಗಟ್ಟಲೆ ನುಂಗಿದರೆ ಮೆದುಳು ಹೊಸ ಸಮತೋಲನಕ್ಕೆ ಹೊಂದಿಕೊಳ್ಳುವುದನ್ನು ಅವು ತಡೆಯುತ್ತವೆ, ಮತ್ತು ವಯಸ್ಸಾದವರಲ್ಲಿ ಕೈನಡುಕ, ಮೈಬಿಗಿತದಂಥ ಪಾರ್ಕಿನ್ಸನ್ ಲಕ್ಷಣಗಳನ್ನು ತರಬಲ್ಲವು. ನಮ್ಮ ಊರುಗಳಲ್ಲಿ ಒಮ್ಮೆ ಬರೆದ ಚೀಟಿಯನ್ನು ಹಿಡಿದು ಔಷಧ ಅಂಗಡಿಯಲ್ಲಿ ವರ್ಷಗಟ್ಟಲೆ ಇದೇ ಮಾತ್ರೆ ಕೊಳ್ಳುವ ಹಿರಿಯರು ಎಷ್ಟಿಲ್ಲ! ಚೀಟಿಯ ಮೇಲೆ ಎಷ್ಟು ದಿನ ಎಂದು ಸ್ಪಷ್ಟವಾಗಿ ಬರೆಯಬೇಕೆಂದು ಇಲಾಖೆ ಸುತ್ತೋಲೆ ಹೊರಡಿಸಿದರೂ ಸಾಕು. ದೀರ್ಘಕಾಲಕ್ಕೆ ಬರೆದುಕೊಡುವ ಬೀಟಾಹಿಸ್ಟಿನ್ ಅಷ್ಟು ಅಪಾಯದ್ದಲ್ಲ. ಆದರೆ 2016ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ 221 ರೋಗಿಗಳನ್ನು ಒಂಬತ್ತು ತಿಂಗಳು ಗಮನಿಸಿದಾಗ, ಕಡಿಮೆ ಪ್ರಮಾಣದಲ್ಲಾಗಲಿ ಹೆಚ್ಚಿನ ಪ್ರಮಾಣದಲ್ಲಾಗಲಿ ಅದು ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಅದರಿಂದ ಗುಣ ಕಂಡವರು ಬಿಡಬೇಕಾಗಿಲ್ಲ. ಗುಣ ಕಾಣದವರು ಅದನ್ನೇ ನಂಬಿ ಕೂರಲೂಬಾರದು.

ಉಪ್ಪಿನ ಪಥ್ಯದ ಕುರಿತೂ ಹೀಗೆಯೇ. ಅದರ ಪರವಾಗಿ ಗಟ್ಟಿಯಾದ ಪ್ರಯೋಗಗಳ ಆಧಾರ ಕಡಿಮೆಯಿದ್ದರೂ ಬಹುತೇಕ ತಜ್ಞರು ಮೊದಲು ಹೇಳುವುದು ಅದನ್ನೇ, ಏಕೆಂದರೆ ಅದರಿಂದ ರಕ್ತದೊತ್ತಡಕ್ಕೂ ಒಳಿತಿದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚೆಗಿಂತ ತುಸು ಕಡಿಮೆ; ಅದರಲ್ಲಿ ಸುಮಾರು 2 ಗ್ರಾಂ ಸೋಡಿಯಂ ಇರುತ್ತದೆ. ಜೋಳದ ರೊಟ್ಟಿ ತಿನ್ನುವ ನಮಗೆ ಇಲ್ಲಿ ಒಂದು ಅನುಕೂಲವಿದೆ, ರೊಟ್ಟಿಯ ಹಿಟ್ಟಿಗೆ ಉಪ್ಪು ಬೀಳುವುದಿಲ್ಲ. ಉಪ್ಪು ಬರುವುದು ರಂಜಕವೆಂಬ ಕೆಂಪು ಮೆಣಸಿನಕಾಯಿ ಚಟ್ನಿಯಿಂದ, ಉಪ್ಪಿನಕಾಯಿಯಿಂದ, ಹಪ್ಪಳ ಸಂಡಿಗೆಗಳಿಂದ, ಬಾಳಕದ ಮೆಣಸಿನಕಾಯಿಯಿಂದ, ಸಂಜೆಯ ಮಿರ್ಚಿ ಮಂಡಕ್ಕಿಯಿಂದ. ಮಿರ್ಚಿಯ ಹಿಟ್ಟಿಗೆ ಬೀಳುವ ಅಡುಗೆ ಸೋಡಾ ಕೂಡ ಸೋಡಿಯಂ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ‘ಉಪ್ಪು ಕಡಿಮೆ ಮಾಡಿ’ ಎಂದಷ್ಟೇ ಹೇಳಿ ಕಳುಹಿಸಿದರೆ ಮನೆಯವರು ಸಾರಿನ ಉಪ್ಪು ತೆಗೆದು ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿ ಬಡಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಹುಟ್ಟಿ ರಂಜಕ ಬಿಡುವುದು ಸುಲಭವೇನಲ್ಲ, ಅದನ್ನು ಒಪ್ಪಿಕೊಂಡೇ ಪಥ್ಯ ಹೇಳಬೇಕು. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಪಥ್ಯ, ಮೂತ್ರ ಹೆಚ್ಚಿಸುವ ಮಾತ್ರೆ ಇವುಗಳಿಂದ ಸುತ್ತು ಹತೋಟಿಗೆ ಬಾರದವರಿಗೆ ಕಿವಿಯ ತಮಟೆಯ ಮೂಲಕ ನಡುಗಿವಿಗೆ ಚುಚ್ಚುಮದ್ದು ಕೊಡುತ್ತಾರೆ. ಅದರಲ್ಲಿ ಎರಡು ಬಗೆ: ಸ್ಟಿರಾಯ್ಡ್ ಮತ್ತು ಜೆಂಟಮೈಸಿನ್. ಜೆಂಟಮೈಸಿನ್ ಆ ಕಿವಿಯ ಸಮತೋಲನ ಕೋಶಗಳನ್ನೇ ದುರ್ಬಲಗೊಳಿಸಿ ಸುತ್ತನ್ನು ನಿಲ್ಲಿಸುತ್ತದೆ, ಕೇಳುವ ಶಕ್ತಿಗೂ ಅಪಾಯ ಒಡ್ಡುತ್ತದೆ. ಸ್ಟಿರಾಯ್ಡ್‌ನಲ್ಲಿ ಆ ಅಪಾಯ ಕಡಿಮೆ. ಎರಡೂ ಹಳೆಯ, ಅಗ್ಗದ ಔಷಧಿಗಳು. ಆದರೆ ಚುಚ್ಚುಮದ್ದಿಗೆ ಮೊದಲು ಮತ್ತು ನಂತರ ಆ ಕಿವಿ ಎಷ್ಟು ಕೇಳುತ್ತಿದೆ ಎಂದು ಅಳೆಯದೆ ಇವನ್ನು ಕೊಡುವುದು ಕುರುಡು ಚಿಕಿತ್ಸೆಯಾಗುತ್ತದೆ, ಹೀಗಾಗಿ ಮಾತು ಮತ್ತೆ ಆಡಿಯೋಗ್ರಾಂಗೇ ಬಂದು ನಿಲ್ಲುತ್ತದೆ. ಇದಾದ ಮೇಲೆ ಉಳಿಯುವ ಓಲಾಟಕ್ಕೆ ಸಮತೋಲನದ ವ್ಯಾಯಾಮಗಳಿವೆ. ನೋಟವನ್ನು ಒಂದು ಗುರುತಿನ ಮೇಲೆ ನಿಲ್ಲಿಸಿ ತಲೆಯಾಡಿಸುವುದು, ಮೆತ್ತನೆಯ ನೆಲದ ಮೇಲೆ ನಿಲ್ಲುವುದು ಇಂಥವನ್ನು ಫಿಸಿಯೋಥೆರಪಿಸ್ಟ್ ಒಬ್ಬರು ಕಲಿಸಿಕೊಟ್ಟರೆ ಮನೆಯಲ್ಲಿಯೇ ಮಾಡಬಹುದು.

ಇನ್ನು ಕಾನೂನಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದಶ್ರವಣ, ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡುತನ. ಒಂದು ಕಿವಿಯನ್ನು ಪೂರ್ತಿ ಕಳೆದುಕೊಂಡವರು ಈ ಲೆಕ್ಕಕ್ಕೆ ಬರುವುದಿಲ್ಲ, ಸಮತೋಲನದ ತೊಂದರೆಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಒಂದೇ ಕಿವಿಯಿಂದ ತರಗತಿ ನಡೆಸುವುದೆಂದರೇನೆಂದು ನಾನು ಬಲ್ಲೆ: ಪ್ರಶ್ನೆ ಕೇಳಿದ ಮಗು ಯಾವ ಬೆಂಚಿನಲ್ಲಿದೆ ಎಂದು ಧ್ವನಿಯಿಂದ ತಿಳಿಯುವುದಿಲ್ಲ, ಎಲ್ಲರ ಮುಖ ನೋಡಬೇಕು, ಮಕ್ಕಳು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಬಿಡಿಸಿ ಕೇಳುವುದಿಲ್ಲ, ಆದರೂ ಗಂಟೆಯ ಸದ್ದು ಆ ಕೆಟ್ಟ ಕಿವಿಗೇ ಚುಚ್ಚುತ್ತದೆ. ಶೇ. 40ರ ವೈಕಲ್ಯದ ಮಿತಿ ಮುಟ್ಟದ ಕಾರಣ ಕೇಂದ್ರದ ನೆರವಿನ ಶ್ರವಣ ಸಾಧನವೂ ಇಂಥವರಿಗೆ ದೊರೆಯುವುದಿಲ್ಲ.

ಬಸ್ ಚಾಲಕರ ಸ್ಥಿತಿ ಇನ್ನೂ ಕಠಿಣ. ಚಾಲನಾ ಪರವಾನಗಿಯ ಅರ್ಜಿಯೊಡನೆ ಸಲ್ಲಿಸುವ ನಮೂನೆ 1ರಲ್ಲಿ, ಯಾವುದೇ ಕಾರಣದಿಂದ ಹಠಾತ್ತಾಗಿ ತಲೆಸುತ್ತು ಬರುವುದುಂಟೇ ಎಂಬ ಪ್ರಶ್ನೆಯಿದೆ. ಇರಬೇಕಾದ ಪ್ರಶ್ನೆಯೇ ಅದು. ಸುತ್ತು ಹತೋಟಿಯಲ್ಲಿಲ್ಲದವರು ವಾಹನ ನಡೆಸಲೇಬಾರದು, ಕೆಲವರಿಗಂತೂ ಯಾವ ಸೂಚನೆಯೂ ಇಲ್ಲದೆ ನಿಂತಲ್ಲೇ ಕುಸಿದು ಬೀಳುವಂತಾಗುತ್ತದೆ. ಆದರೆ ಪ್ರಾಮಾಣಿಕವಾಗಿ ಹೌದೆಂದು ಬರೆದ ಚಾಲಕನ ಗತಿಯೇನು? ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯದೆ ಅದೇ ವೇತನದ ಬೇರೆ ಹುದ್ದೆಗೆ ಬದಲಾಯಿಸಬೇಕೆಂದು 2016ರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಆದರೆ ಅವನ ಕಾಯಿಲೆ ಆ ಕಾಯ್ದೆಯ ಪಟ್ಟಿಯಲ್ಲಿಲ್ಲ. ಒಂದು ನಿಯಮ ಅವನ ಸ್ಟಿಯರಿಂಗ್ ಕಿತ್ತುಕೊಳ್ಳುತ್ತದೆ, ಇನ್ನೊಂದು ಅವನನ್ನು ಗುರುತಿಸುವುದೇ ಇಲ್ಲ. ಹೀಗಿರುವಾಗ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಗಾಡಿ ಓಡಿಸುವವರು ಇದ್ದರೆ ಅದರ ಹೊಣೆ ಅವರೊಬ್ಬರದೇ ಆಗಲಾರದು.

ಕಾಯ್ದೆಯ ಪಟ್ಟಿಯನ್ನು ತಿದ್ದುವುದು ಕೇಂದ್ರದ ಕೈಯಲ್ಲಿದೆ. ಅದಕ್ಕಾಗಿ ರಾಜ್ಯ ಸರ್ಕಾರ ಶಿಫಾರಸು ಕಳುಹಿಸಬಹುದು. ರಾಜ್ಯದ ಕೈಯಲ್ಲೇ ಇರುವುದನ್ನು ಅಷ್ಟು ಕಾಯದೆ ಮಾಡಬಹುದು. ಸಾರಿಗೆ, ಪೊಲೀಸ್, ವಿದ್ಯುತ್ ಇಲಾಖೆಗಳಂತೆ ಎತ್ತರದಲ್ಲಿ, ಯಂತ್ರಗಳ ನಡುವೆ ಅಥವಾ ವಾಹನದಲ್ಲಿ ಕೆಲಸ ಮಾಡುವ ನೌಕರರಿಗೆ ಮೆನಿಯೇರ್ ಖಚಿತವಾದಾಗ, ವೈದ್ಯಕೀಯ ಮಂಡಳಿಯ ಶಿಫಾರಸಿನ ಮೇಲೆ ವೇತನ ಕಡಿತವಿಲ್ಲದೆ ನೆಲದ ಮೇಲಿನ ಕೆಲಸ ಕೊಡಬೇಕೆಂದು ಒಂದು ಆದೇಶ ಹೊರಡಿಸಲಿ. ಶಾಲೆ ಕಚೇರಿಗಳಲ್ಲಿ, ಸರದಿ ಬಂದ ದಿನದ ರಜೆಗೆ ಪ್ರತಿ ಬಾರಿ ಹೊಸ ಪ್ರಮಾಣಪತ್ರ ಕೇಳದೆ ವರ್ಷಕ್ಕೊಮ್ಮೆ ತಜ್ಞರು ಕೊಟ್ಟದ್ದನ್ನು ಒಪ್ಪಲಿ. ತಲೆ ಎತ್ತಲಾಗದ ದಿನ ಸಹಿಗಾಗಿ ಆಸ್ಪತ್ರೆಗೆ ಹೋಗಬೇಕೆನ್ನುವ ನಿಯಮವನ್ನು ಬರೆದವರಿಗೆ ಈ ಕಾಯಿಲೆಯ ಪರಿಚಯವಿದ್ದಿರಲಾರದು. ಬಸ್ ನಿಲ್ದಾಣದಲ್ಲಿ ತೂರಾಡುತ್ತ ವಾಂತಿ ಮಾಡಿಕೊಳ್ಳುವವರನ್ನು ಕುಡುಕರೆಂದು ದೂರ ಸರಿಸುವುದು ನಮ್ಮಲ್ಲಿ ಮಾಮೂಲು. ರೋಗದ ಹೆಸರು, ಕೊಡಬೇಕಾದ ಔಷಧ, ಮನೆಯವರ ಫೋನ್ ಸಂಖ್ಯೆ ಇರುವ ಒಂದು ಕಾರ್ಡನ್ನು ಆಸ್ಪತ್ರೆಯೇ ಮುದ್ರಿಸಿಕೊಟ್ಟರೆ ಹತ್ತಿರ ನಿಂತವರಿಗೂ ಪೊಲೀಸರಿಗೂ ತಿಳಿಯುತ್ತದೆ.

ಇವೆಲ್ಲವೂ ಒಂದೇ ವರ್ಷದಲ್ಲಿ ಆಗಬೇಕೆಂದು ನಾನು ನಿರೀಕ್ಷಿಸುವುದಿಲ್ಲ. ಮೊದಲ ಹೆಜ್ಜೆಯಾಗಿ, ರಾಜ್ಯದ ಯಾವ ಯಾವ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಡಿಯೋಮೀಟರ್ ಇದೆ, ಅವುಗಳಲ್ಲಿ ಎಷ್ಟು ನಡೆಯುತ್ತಿವೆ, ನಡೆಸುವ ಹುದ್ದೆಗಳಲ್ಲಿ ಎಷ್ಟು ಖಾಲಿಯಿವೆ ಎಂಬ ಪಟ್ಟಿಯನ್ನು ಇಲಾಖೆ ಸಿದ್ಧಪಡಿಸಿ ಸಾರ್ವಜನಿಕರ ಮುಂದಿಡಬೇಕೆಂದು ಕೋರುತ್ತೇನೆ. ಈ ಪತ್ರದ ಪ್ರತಿಯನ್ನು ಆರೋಗ್ಯ ಇಲಾಖೆಯ ಆಯುಕ್ತರಿಗೂ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಕಳುಹಿಸುತ್ತಿದ್ದೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ
ಹಾವೇರಿ ಜಿಲ್ಲೆ